ಸೈಕಾಲಜಿ ಡಿಗ್ರಿ ಮುಗಿಯಿತು, ಮುಂದೆ ಯಾವ ಕೆಲಸ? ಹಂತ ಹಂತದ ಮಾರ್ಗದರ್ಶಿ

ಸೈಕಾಲಜಿ ಓದಿದವರಿಂದ ಬರುವ ಪ್ರಶ್ನೆಗಳು ಸುತ್ತಿ ಬಳಸಿ ಮೂರೇ. ಬರೀ ಡಿಗ್ರಿ ಇಟ್ಟುಕೊಂಡು ಕೌನ್ಸೆಲಿಂಗ್ ಶುರು ಮಾಡಬಹುದಾ? ಸ್ನಾತಕೋತ್ತರ ಪದವಿ ಇಲ್ಲದೆ ಯಾರಾದರೂ ಕೆಲಸ ಕೊಡುತ್ತಾರಾ? ಆಸ್ಪತ್ರೆ, ಕ್ಲಿನಿಕ್ ಕಡೆ ಮನಸ್ಸಿಲ್ಲದಿದ್ದರೆ ಬೇರೆ ದಾರಿ ಇದೆಯಾ?

ಮೊದಲನೆಯದಕ್ಕೆ ಉತ್ತರ: ಕೆಲವು ಕಡೆ ಕಾನೂನು ಅಡ್ಡ ಬರುವುದಿಲ್ಲ, ಆದರೂ ಮಾಡಬೇಡಿ. ಮೊದಲ ಪದವಿಯಲ್ಲಿ ನೀವು ಓದಿದ್ದು ಮನಸ್ಸಿನ ಬಗ್ಗೆ. ಎದುರಿಗೆ ಕೂತವರ ಸಂಕಟವನ್ನು ನಿಭಾಯಿಸುವ ತರಬೇತಿ ಇನ್ನೂ ಆಗಿಲ್ಲ. ಉಳಿದೆರಡಕ್ಕೂ ಉತ್ತರ ಹೌದು. ಆದರೆ ಡಿಗ್ರಿಯ ಹೆಸರು ನೋಡಿ ಕರೆದು ಕೆಲಸ ಕೊಡುವವರು ಕಡಿಮೆ. ನರ್ಸಿಂಗ್ ಓದಿದವರು ನರ್ಸ್ ಆಗುತ್ತಾರೆ. ಸೈಕಾಲಜಿಗೆ ಅಂಥ ನೇರ ದಾರಿ ಇಲ್ಲ. ಹಾಗಾಗಿ ಹುದ್ದೆಯನ್ನು ಮೊದಲು ಆರಿಸಿಕೊಳ್ಳಿ, ಆಮೇಲೆ ಅದಕ್ಕೆ ಏನೇನು ಬೇಕು ಎಂದು ಹಿಂದಕ್ಕೆ ಲೆಕ್ಕ ಹಾಕುತ್ತ ಬನ್ನಿ. ಆ ಲೆಕ್ಕವನ್ನು ಯಾವ ಕ್ರಮದಲ್ಲಿ ಹಾಕಬೇಕು ಎನ್ನುವುದು ಇಲ್ಲಿದೆ.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದವು

ಎಲ್ಲಾ ಸೆಮಿಸ್ಟರ್‌ಗಳ ಅಂಕಪಟ್ಟಿ, ನೀವು ಓದಿದ ವರ್ಷದ ಪೂರ್ತಿ ಪಠ್ಯಕ್ರಮ, ಪ್ರಾಜೆಕ್ಟ್ ವರದಿ, ಇಂಟರ್ನ್‌ಶಿಪ್ ಮಾಡಿದ್ದರೆ ಗಂಟೆಗಳ ಲೆಕ್ಕ ಇರುವ ಪತ್ರ. ಇದರಲ್ಲಿ ಹೆಚ್ಚಿನವರು ಕಡೆಗಣಿಸುವುದು ಪಠ್ಯಕ್ರಮವನ್ನು. ಬೇರೆ ವಿಶ್ವವಿದ್ಯಾಲಯಕ್ಕೋ ಬೇರೆ ದೇಶಕ್ಕೋ ಅರ್ಜಿ ಹಾಕಿದಾಗ ‘ಸಂಖ್ಯಾಶಾಸ್ತ್ರ ಎಷ್ಟು ಕ್ರೆಡಿಟ್ ಓದಿದ್ದೀರಿ, ಅದರಲ್ಲಿ ಏನೇನಿತ್ತು’ ಎಂದು ಕೇಳುತ್ತಾರೆ. ಪಠ್ಯಕ್ರಮ ಬದಲಾದ ಮೇಲೆ ಹಳೆಯದು ವೆಬ್‌ಸೈಟಿನಲ್ಲಿ ಉಳಿದಿರುತ್ತದೆ ಎನ್ನುವ ಭರವಸೆ ಇಲ್ಲ. ಈಗಲೇ ಪಿಡಿಎಫ್ ಇಳಿಸಿಕೊಂಡು, ಸಾಧ್ಯವಾದರೆ ವಿಭಾಗದ ಮುದ್ರೆ ಹಾಕಿಸಿಕೊಳ್ಳಿ.

1. ಹುದ್ದೆಗಳ ಹೆಸರನ್ನು ಬಿಡಿಸಿಕೊಳ್ಳಿ

ಜಾಹೀರಾತು ಓದುವಾಗ ಹೆಚ್ಚು ಎಡವುವುದು ಇಲ್ಲೇ. ಮನೋವೈದ್ಯ, ಅಂದರೆ ಸೈಕಿಯಾಟ್ರಿಸ್ಟ್, ವೈದ್ಯಕೀಯ ಓದಿ ಆಮೇಲೆ ಮನೋರೋಗದಲ್ಲಿ ತಜ್ಞತೆ ಪಡೆದವರು. ಔಷಧ ಬರೆಯುವುದು ಅವರ ಕೆಲಸ. ಸೈಕಾಲಜಿ ಪದವಿಯಿಂದ ಆ ಹುದ್ದೆಗೆ ದಾರಿ ಇಲ್ಲ. ಹೋಗಬೇಕೆಂದರೆ ವೈದ್ಯಕೀಯವನ್ನು ಮೊದಲಿನಿಂದ ಓದಬೇಕು. ಅಮೆರಿಕದ ನ್ಯೂ ಮೆಕ್ಸಿಕೊ, ಲೂಯಿಸಿಯಾನಾದಂಥ ಕೆಲವೇ ರಾಜ್ಯಗಳಲ್ಲಿ ಹೆಚ್ಚುವರಿ ತರಬೇತಿ ಪಡೆದ ಮನೋವಿಜ್ಞಾನಿಗಳಿಗೂ ಔಷಧ ಬರೆಯುವ ಅಧಿಕಾರ ಇದೆ. ಅದನ್ನು ನಿಯಮ ಎಂದುಕೊಳ್ಳಬೇಡಿ, ಅಪವಾದ.

ಕ್ಲಿನಿಕಲ್ ಸೈಕಾಲಜಿಸ್ಟ್, ಕನ್ನಡದಲ್ಲಿ ಚಿಕಿತ್ಸಾ ಮನೋವಿಜ್ಞಾನಿ, ಮಾನಸಿಕ ತೊಂದರೆಗಳನ್ನು ಪರೀಕ್ಷೆಗಳ ಮೂಲಕ ಅಳೆಯುತ್ತಾರೆ, ಗುರುತಿಸುತ್ತಾರೆ, ಮಾತಿನ ಚಿಕಿತ್ಸೆ ಕೊಡುತ್ತಾರೆ. ಕೌನ್ಸೆಲರ್ ಅಥವಾ ಆಪ್ತಸಮಾಲೋಚಕರು ಹೆಚ್ಚಾಗಿ ಸಂಬಂಧ, ಓದು, ಕೆಲಸ, ಶೋಕ ಇಂಥ ಬದುಕಿನ ತೊಡಕುಗಳ ಜತೆ ಕೆಲಸ ಮಾಡುತ್ತಾರೆ. ಸೈಕೋಥೆರಪಿಸ್ಟ್ ಎನ್ನುವುದು ಒಂದು ನಿರ್ದಿಷ್ಟ ಚಿಕಿತ್ಸಾ ಪದ್ಧತಿಯಲ್ಲಿ ತರಬೇತಿ ಆದವರಿಗೆ ಸಲ್ಲುವ ಹೆಸರು. ಅವರ ಮೂಲ ಓದು ಸೈಕಾಲಜಿಯೇ ಆಗಿರಬೇಕೆಂದಿಲ್ಲ. ಮನೋವೈದ್ಯಕೀಯ ಸಮಾಜಕಾರ್ಯಕರ್ತರು ರೋಗಿಯ ಕುಟುಂಬ, ಪುನರ್ವಸತಿ, ಸರ್ಕಾರಿ ಸೌಲಭ್ಯದ ಕಡೆ ನೋಡಿಕೊಳ್ಳುತ್ತಾರೆ. ಅದಕ್ಕೆ ಬೇಕಿರುವುದು ಸಮಾಜಕಾರ್ಯದ ಪದವಿ.

ಒಂದೇ ಹೆಸರಿಗೆ ಊರೂರಿಗೆ ಬೇರೆ ತೂಕ ಇರುವುದರಿಂದ, ಜಾಹೀರಾತಿನಲ್ಲಿ ಹುದ್ದೆಯ ಹೆಸರಿಗಿಂತ ‘ಅರ್ಹತೆ’ ಮತ್ತು ‘ಮೇಲ್ವಿಚಾರಣೆ’ ಎಂದು ಬರೆದಿರುವ ಸಾಲುಗಳನ್ನು ಮೊದಲು ಓದಿ.

2. ಪರವಾನಗಿ ಬೇಕಾದ ಕಡೆಗೋ, ಬೇಡದ ಕಡೆಗೋ: ಇದನ್ನು ಮೊದಲು ತೀರ್ಮಾನಿಸಿ

ಸೈಕಾಲಜಿ ಓದಿದವರ ಕೆಲಸಗಳೆಲ್ಲ ಎರಡು ಗುಂಪಿಗೆ ಸೇರುತ್ತವೆ. ಒಂದರಲ್ಲಿ ಹುದ್ದೆಯ ಹೆಸರಿಗೇ ಕಾನೂನಿನ ಕಾವಲಿದೆ: ನಿಯಂತ್ರಣ ಸಂಸ್ಥೆಯಲ್ಲಿ ನೋಂದಣಿ ಆಗದೆ ಆ ಹೆಸರು ಹಾಕಿಕೊಂಡರೆ ಅಪರಾಧ. ಇನ್ನೊಂದರಲ್ಲಿ ಅಂಥ ಬೇಲಿ ಇಲ್ಲ. ಕೆಲಸ ಗೊತ್ತಿದ್ದರೆ ಸಾಕು.

ಬೇಲಿ ಎಲ್ಲಿದೆ ಎನ್ನುವುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಬ್ರಿಟನ್ನಿನಲ್ಲಿ ಬರೀ ‘ಸೈಕಾಲಜಿಸ್ಟ್’ ಎಂಬ ಹೆಸರಿಗೆ ಕಾವಲಿಲ್ಲ. ಆದರೆ ಕ್ಲಿನಿಕಲ್, ಕೌನ್ಸೆಲಿಂಗ್, ಎಜುಕೇಶನಲ್, ಫೊರೆನ್ಸಿಕ್, ಹೆಲ್ತ್, ಆಕ್ಯುಪೇಶನಲ್ ಸೈಕಾಲಜಿಸ್ಟ್ ಮುಂತಾದ ಹೆಸರುಗಳನ್ನು 2009ರಿಂದ ಎಚ್‌ಸಿಪಿಸಿ ಎಂಬ ಸಂಸ್ಥೆ ನಿಯಂತ್ರಿಸುತ್ತಿದೆ. ಆಸ್ಟ್ರೇಲಿಯಾದಲ್ಲಿ ‘ಸೈಕಾಲಜಿಸ್ಟ್’ ಎಂಬ ಪದಕ್ಕೇ ಕಾನೂನಿನ ರಕ್ಷಣೆ ಇದೆ. ಓದು ಮತ್ತು ಮೇಲ್ವಿಚಾರಣೆಯ ಅಭ್ಯಾಸ ಸೇರಿ ಕನಿಷ್ಠ ಆರು ವರ್ಷ. ಅಮೆರಿಕದಲ್ಲಿ ಪರವಾನಗಿ ರಾಜ್ಯಗಳ ಕೈಯಲ್ಲಿದೆ. ಬಹುತೇಕ ರಾಜ್ಯಗಳು ಡಾಕ್ಟರೇಟ್ ಕೇಳುತ್ತವೆ, ಜತೆಗೆ ಇಪಿಪಿಪಿ ಎಂಬ 225 ಪ್ರಶ್ನೆಗಳ ಪರೀಕ್ಷೆ. ಅದರಲ್ಲಿ ಅಂಕಕ್ಕೆ ಲೆಕ್ಕ ಆಗುವುದು 175 ಮಾತ್ರ, ಉಳಿದವು ಮುಂದಿನ ಪರೀಕ್ಷೆಗಳಿಗಾಗಿ ಒರೆಗೆ ಹಚ್ಚುವ ಪ್ರಶ್ನೆಗಳು. ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು 1992ರ ಕಾಯ್ದೆಯಡಿ ಬಂದ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಆ ಹುದ್ದೆಯ ವ್ಯಾಖ್ಯೆಯೂ ಇದೆ.

ಎಡವುವ ಜಾಗ: ಮೊದಲ ಪದವಿಗೆ ಸೇರುವಾಗಲೇ ಬೇಲಿಯನ್ನು ನೋಡದಿರುವುದು. ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿ ಮಾನ್ಯ ಮಾಡದ ಪದವಿ ಓದಿದವರಿಗೆ ಅಲ್ಲಿ ಮುಂದಿನ ತರಬೇತಿಗೆ ನೇರ ಪ್ರವೇಶ ಸಿಗುವುದು ಕಷ್ಟ. ‘ಕನ್ವರ್ಶನ್ ಕೋರ್ಸ್’ ಎಂಬ ಪೂರಕ ಓದು ಮಾಡಬೇಕಾಗುತ್ತದೆ. ಪದವಿ ಆಗಲೇ ಮುಗಿದಿದ್ದರೆ ನಿಮ್ಮ ಗುರಿಯ ದೇಶದ ನಿಯಂತ್ರಣ ಸಂಸ್ಥೆಯ ವೆಬ್‌ಸೈಟ್ ತೆರೆದು, ಅವರು ಕೇಳುವ ವಿಷಯಗಳ ಪಟ್ಟಿಯನ್ನು ನಿಮ್ಮ ಅಂಕಪಟ್ಟಿಯ ಪಕ್ಕ ಇಟ್ಟು ಒಂದೊಂದಾಗಿ ಗುರುತು ಹಾಕಿ. ಅರ್ಧ ದಿನದ ಕೆಲಸ. ಕೋಚಿಂಗ್ ಸೆಂಟರ್‌ನವರನ್ನು ಕೇಳಿ ತಿಳಿಯುವುದಕ್ಕಿಂತ ಇದು ವಾಸಿ.

3. ಪರವಾನಗಿಯ ದಾರಿ ಹಿಡಿದರೆ

ನೋಂದಣಿಯ ದಿನದಿಂದ ಹಿಂದಕ್ಕೆ ಎಣಿಸಿ. ಅರ್ಹತಾ ಪರೀಕ್ಷೆ, ಮೇಲ್ವಿಚಾರಣೆಯ ಗಂಟೆಗಳು, ವೃತ್ತಿಪರ ಕೋರ್ಸ್, ಅದರ ಪ್ರವೇಶ ಪರೀಕ್ಷೆ, ಅದಕ್ಕೆ ಬೇಕಾದ ಸ್ನಾತಕೋತ್ತರ ಪದವಿ, ಹೀಗೆ. ಬ್ರಿಟನ್ನಿನ ಕ್ಲಿನಿಕಲ್ ಡಾಕ್ಟರೇಟ್ ಒಂದೇ ಮೂರು ವರ್ಷ, ಅದಕ್ಕೆ ಮುಂಚೆ ಸಹಾಯಕ ಹುದ್ದೆಗಳಲ್ಲಿ ಅನುಭವ ಬೇರೆ. ಹೆಚ್ಚಿನ ಕಡೆ ಮೊದಲ ಪದವಿಯ ನಂತರ ನಾಲ್ಕೈದು ವರ್ಷಕ್ಕಿಂತ ಬೇಗ ಮುಗಿಯುತ್ತದೆ ಎಂದು ಯೋಜನೆ ಹಾಕಬೇಡಿ. ಆ ವರ್ಷಗಳ ಖರ್ಚು ಯಾರು ನೋಡಿಕೊಳ್ಳುತ್ತಾರೆ ಎನ್ನುವುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ನಡುವೆ ಬಿಡುವವರಲ್ಲಿ ಆಸಕ್ತಿ ಬತ್ತಿದವರಿಗಿಂತ ಹಣ ಸಾಲದೆ ಬಿಡುವವರೇ ಹೆಚ್ಚು ಕಣ್ಣಿಗೆ ಬೀಳುತ್ತಾರೆ.

ಮೇಲ್ವಿಚಾರಣೆ, ಅಂದರೆ ಸೂಪರ್‌ವಿಶನ್, ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಿ. ನೀವು ನೋಡಿದ ಪ್ರತಿ ಪ್ರಕರಣವನ್ನು ಅನುಭವಿ, ನೋಂದಾಯಿತ ತಜ್ಞರ ಮುಂದಿಟ್ಟು ಚರ್ಚಿಸುವ ವ್ಯವಸ್ಥೆ ಅದು. ಈ ಗಂಟೆಗಳು ದಾಖಲೆಯಲ್ಲಿದ್ದರಷ್ಟೇ ಲೆಕ್ಕಕ್ಕೆ ಬರುತ್ತವೆ. ಮೊದಲ ದಿನದಿಂದ ಒಂದು ಲಾಗ್ ಇಡಿ: ದಿನಾಂಕ, ಎಷ್ಟು ಹೊತ್ತು, ಏನು ಕೆಲಸ, ವ್ಯಕ್ತಿಯ ಹೆಸರಿನ ಬದಲು ಒಂದು ಸಂಕೇತ, ಮೇಲ್ವಿಚಾರಕರ ಸಹಿ. ವ್ಯಕ್ತಿಯ ಎದುರು ಕೂತ ಗಂಟೆಗಳಿಗೂ ವರದಿ ಬರೆದ ಗಂಟೆಗಳಿಗೂ ಬೇರೆ ಬೇರೆ ಕಾಲಂ ಇರಲಿ, ಏಕೆಂದರೆ ನಿಯಂತ್ರಣ ಸಂಸ್ಥೆಗಳು ಇವೆರಡನ್ನೂ ಪ್ರತ್ಯೇಕವಾಗಿ ಕೇಳುತ್ತವೆ. ಸಹಿಯನ್ನು ವಾರವಾರ ಹಾಕಿಸಿಕೊಳ್ಳಿ. ಮೇಲ್ವಿಚಾರಕರು ಕೆಲಸ ಬಿಟ್ಟು ಹೋದ ಮೇಲೆ ವರ್ಷದ ಹಿಂದಿನ ಗಂಟೆಗಳಿಗೆ ಸಹಿ ಸಿಗುವುದಿಲ್ಲ. ಮೇಲ್ವಿಚಾರಕರಿಗೇ ನೋಂದಣಿ ಇದೆಯೇ, ಅದು ಚಾಲ್ತಿಯಲ್ಲಿದೆಯೇ ಎಂದು ಸಂಸ್ಥೆಯ ಸಾರ್ವಜನಿಕ ಪಟ್ಟಿಯಲ್ಲಿ ನೋಡಲು ಸಂಕೋಚ ಬೇಡ.

ಇನ್ನೆರಡು ಎಚ್ಚರಿಕೆಗಳು.

ವಾರಾಂತ್ಯದ ‘ಸರ್ಟಿಫೈಡ್ ಥೆರಪಿಸ್ಟ್’ ಕೋರ್ಸುಗಳು. ಹಣ ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ಈ ಪ್ರಮಾಣಪತ್ರದಿಂದ ಯಾವ ನಿಯಂತ್ರಣ ಸಂಸ್ಥೆಯಲ್ಲಿ, ಯಾವ ವರ್ಗದಲ್ಲಿ ನೋಂದಣಿ ಸಿಗುತ್ತದೆ? ಉತ್ತರ ‘ಅಂತರರಾಷ್ಟ್ರೀಯ ಮಾನ್ಯತೆ ಇದೆ’ ಎಂದಷ್ಟೇ ಬಂದರೆ ನೋಂದಣಿ ಸಿಗುವುದಿಲ್ಲ ಎಂದೇ ಅರ್ಥ. ಆಗಲೇ ಪರವಾನಗಿ ಇರುವವರು ಹೊಸ ವಿಧಾನ ಕಲಿಯಲು ಇಂಥ ಕೆಲವು ಕೋರ್ಸುಗಳು ಚೆನ್ನಾಗಿರುತ್ತವೆ. ಪರವಾನಗಿಯ ಜಾಗದಲ್ಲಿ ಅವು ನಿಲ್ಲುವುದಿಲ್ಲ.

ಎರಡನೆಯದು, ಮನೋಪರೀಕ್ಷೆಗಳು. ಬುದ್ಧಿಶಕ್ತಿ ಅಳೆಯುವ ವೆಶ್ಲರ್ ಪರೀಕ್ಷೆಯಂಥವನ್ನು ಪ್ರಕಾಶಕರು ಅರ್ಹತೆಯ ಮಟ್ಟ ನೋಡಿಯೇ ಮಾರುತ್ತಾರೆ. ಎಲ್ಲೋ ಸಿಕ್ಕ ಜೆರಾಕ್ಸ್ ಪ್ರತಿ ಹಿಡಿದು ಪರಿಚಯದವರ ಮಕ್ಕಳಿಗೆ ಐಕ್ಯೂ ಹೇಳಲು ಹೋಗಬೇಡಿ. ಯಾರು ಬೇಕಾದರೂ ಬಳಸಬಹುದಾದ ಪ್ರಶ್ನಾವಳಿಗಳಲ್ಲೂ ಮಿತಿ ತಿಳಿದಿರಲಿ. ಖಿನ್ನತೆಯ ಲಕ್ಷಣಗಳನ್ನು ಅಳೆಯುವ ಪಿಎಚ್‌ಕ್ಯೂ-9 ಎಂಬುದು ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ ಕೇಳುತ್ತದೆ. ಪ್ರತಿಯೊಂದಕ್ಕೆ 0ಯಿಂದ 3, ಒಟ್ಟು 27. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆ ಇದೆಯೇ ಎಂದು ತಜ್ಞರು ವಿಚಾರಿಸಿ ನೋಡಬೇಕು ಎಂದು ಅರ್ಥ. ಖಿನ್ನತೆ ಇದೆ ಎಂಬ ತೀರ್ಪು ಅದಲ್ಲ. ಒಂಬತ್ತನೇ ಪ್ರಶ್ನೆ ಸಾಯುವ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಗಳ ಬಗ್ಗೆ. ಅದಕ್ಕೆ 0 ಬಿಟ್ಟು ಬೇರೇನು ಉತ್ತರ ಬಂದರೂ ಆ ಕ್ಷಣ ಯಾರಿಗೆ ಫೋನ್ ಮಾಡಬೇಕು ಎಂಬ ವ್ಯವಸ್ಥೆ ಮೊದಲೇ ಇಲ್ಲದಿದ್ದರೆ, ಪ್ರಾಜೆಕ್ಟ್‌ಗೆಂದು ಕೂಡ ಆ ಪ್ರಶ್ನಾವಳಿ ಹಂಚಬೇಡಿ.

4. ಪರವಾನಗಿ ಬೇಡದ ಕೆಲಸಗಳು: ಎಲ್ಲಿ ನಿಮ್ಮ ಓದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ

ಇಲ್ಲಿ ಪಟ್ಟಿ ಉದ್ದ ಇದೆ. ಎಲ್ಲವೂ ಒಂದೇ ತರಹ ಅಲ್ಲ.

ಬಳಕೆದಾರರ ಸಂಶೋಧನೆ. ಆಪ್, ವೆಬ್‌ಸೈಟ್, ಯಂತ್ರಗಳನ್ನು ಜನ ಹೇಗೆ ಬಳಸುತ್ತಾರೆ, ಎಲ್ಲಿ ತಡವರಿಸುತ್ತಾರೆ ಎಂದು ಪತ್ತೆ ಹಚ್ಚುವ ಕೆಲಸ. ಜಾಹೀರಾತಿನಲ್ಲಿ ‘ಯುಎಕ್ಸ್ ರಿಸರ್ಚರ್’ ಎಂದಿರುತ್ತದೆ. ಇದರ ಬೇರು ಹಳೆಯದು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನಗಳನ್ನು ಇಳಿಸಿದ ಮೇಲೆ ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ ಮಡಚಲು ಹೋಗಿ ಚಕ್ರ ಮಡಚಿಬಿಡುತ್ತಿದ್ದರು. ಮನೋವಿಜ್ಞಾನಿ ಆಲ್ಫೋನ್ಸ್ ಚಪಾನಿಸ್ ಎರಡು ಹಿಡಿಗಳೂ ಒಂದೇ ಆಕಾರದಲ್ಲಿ ಅಕ್ಕಪಕ್ಕ ಇರುವುದನ್ನು ಗಮನಿಸಿ, ಒಂದಕ್ಕೆ ಚಕ್ರದ, ಇನ್ನೊಂದಕ್ಕೆ ರೆಕ್ಕೆಯ ಆಕಾರ ಕೊಡಿಸಿದರು. ಕೈಗೆ ಮುಟ್ಟಿದೊಡನೆ ವ್ಯತ್ಯಾಸ ತಿಳಿಯುವಂತಾಯಿತು. ತಪ್ಪನ್ನು ಮನುಷ್ಯನ ಮೇಲೆ ಹಾಕುವ ಮೊದಲು ಉಪಕರಣವನ್ನು ನೋಡುವ ಈ ಅಭ್ಯಾಸ ಇದ್ದರೆ ಈ ಕ್ಷೇತ್ರ ನಿಮಗೆ ಒಗ್ಗುತ್ತದೆ.

ಕೆಲಸದ ರುಚಿ ನೋಡಲು, ಒಂದು ಉತ್ಪನ್ನ ಬಳಸಲು ಎಷ್ಟು ಸುಲಭ ಎಂದು ಅಳೆಯುವ ಎಸ್‌ಯುಎಸ್ ಎಂಬ ಪ್ರಶ್ನಾವಳಿಯಿಂದ ಶುರು ಮಾಡಿ. ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ್ದು. ಹತ್ತು ಹೇಳಿಕೆ, ಪ್ರತಿಯೊಂದಕ್ಕೆ 1ರಿಂದ 5. ಬೆಸ ಸಂಖ್ಯೆಯ ಹೇಳಿಕೆಗಳು ಹೊಗಳುವಂಥವು, ಸಮ ಸಂಖ್ಯೆಯವು ದೂರುವಂಥವು. ಅಂಕ ಹಾಕುವುದು ಹೀಗೆ: ಬೆಸ ಹೇಳಿಕೆಯ ಉತ್ತರದಿಂದ 1 ಕಳೆಯಿರಿ, ಸಮ ಹೇಳಿಕೆಯ ಉತ್ತರವನ್ನು 5ರಿಂದ ಕಳೆಯಿರಿ, ಎಲ್ಲ ಕೂಡಿಸಿ 2.5ರಿಂದ ಗುಣಿಸಿ. ಒಬ್ಬರ ಉತ್ತರ ಕ್ರಮವಾಗಿ 4, 2, 5, 1, 4, 2, 4, 2, 5, 2 ಎಂದುಕೊಳ್ಳಿ. ಬೆಸದ ಕಡೆ 3, 4, 3, 3, 4 ಸೇರಿ 17. ಸಮದ ಕಡೆ 3, 4, 3, 3, 3 ಸೇರಿ 16. ಒಟ್ಟು 33, ಅದನ್ನು 2.5ರಿಂದ ಗುಣಿಸಿದರೆ 82.5. ಹೊಸಬರು ಮಾಡುವ ತಪ್ಪು ಎರಡು. ಸಮ ಹೇಳಿಕೆಗಳನ್ನು ತಿರುಗಿಸಲು ಮರೆಯುತ್ತಾರೆ. ಬಂದ ಅಂಕವನ್ನು ಶೇಕಡಾವಾರು ಎಂದು ಓದುತ್ತಾರೆ. ಪರೀಕ್ಷೆಗೊಳಗಾದ ಉತ್ಪನ್ನಗಳ ಸರಾಸರಿ 68ರ ಆಸುಪಾಸು ಬರುತ್ತದೆ. ಹಾಗಾಗಿ 65 ಬಂದ ಆಪ್ ‘ಫಸ್ಟ್ ಕ್ಲಾಸ್’ ಆಗುವುದಿಲ್ಲ, ಸರಾಸರಿಗಿಂತ ಕೆಳಗೆ.

ಮಾನವ ಸಂಪನ್ಮೂಲ, ನೇಮಕಾತಿ. ಎಚ್‌ಆರ್ ವಿಭಾಗಗಳು ಸೈಕಾಲಜಿ ಪದವೀಧರರನ್ನು ಬೇಗ ಒಪ್ಪುತ್ತವೆ. ಆದರೆ ಮೊದಲ ವರ್ಷದ ಕೆಲಸ ಹೆಚ್ಚಾಗಿ ಅರ್ಜಿ ಜರಡಿ ಹಿಡಿಯುವುದು, ಸಂದರ್ಶನದ ಸಮಯ ಹೊಂದಿಸುವುದು, ಹಾಜರಾತಿ ನೋಡುವುದು. ‘ಜನರ ಮನಸ್ಸು ಓದುವ ಕೆಲಸ’ ಎಂದುಕೊಂಡು ಹೋದವರು ಆರು ತಿಂಗಳಿಗೆ ಬೇಸತ್ತು ಹೊರಬರುತ್ತಾರೆ. ನಿಮ್ಮ ಓದು ಇಲ್ಲಿ ಬೆಲೆ ಪಡೆಯುವುದು ಆಯ್ಕೆಯ ವಿಧಾನವನ್ನೇ ಸುಧಾರಿಸಿದಾಗ. ರಚನಾಬದ್ಧ ಸಂದರ್ಶನ, ಅಂದರೆ ಎಲ್ಲ ಅಭ್ಯರ್ಥಿಗಳಿಗೆ ಅದೇ ಪ್ರಶ್ನೆ, ಯಾವ ಉತ್ತರಕ್ಕೆ ಎಷ್ಟು ಅಂಕ ಎಂದು ಮೊದಲೇ ಬರೆದಿಟ್ಟ ಮಾನದಂಡ, ಇದು ಹರಟೆಯಂಥ ಸಂದರ್ಶನಕ್ಕಿಂತ ಕೆಲಸದ ಸಾಧನೆಯನ್ನು ಚೆನ್ನಾಗಿ ಊಹಿಸುತ್ತದೆ ಎಂದು ದಶಕಗಳ ಸಂಶೋಧನೆ ಹೇಳುತ್ತದೆ. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಹಸಂಶೋಧಕರು ಹಳೆಯ ಲೆಕ್ಕಗಳನ್ನು ತಿದ್ದಿ ಮತ್ತೆ ಹಾಕಿದಾಗ ಆಯ್ಕೆ ವಿಧಾನಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದದ್ದೂ ಅದೇ. ಒಂದು ಹುದ್ದೆಗೆ ಇಂಥ ಆರು ಪ್ರಶ್ನೆ ಮತ್ತು ಅಂಕದ ಮಾನದಂಡ ತಯಾರಿಸಿಕೊಂಡು ಹೋದರೆ ಸಂದರ್ಶನದಲ್ಲಿ ತೋರಿಸಲು ಒಂದು ವಸ್ತು ಸಿಕ್ಕಿತು. ಮತ್ತೊಂದು ಮಾತು: ಎಂಬಿಟಿಐ ವ್ಯಕ್ತಿತ್ವ ಪರೀಕ್ಷೆ ಕಂಪನಿಗಳಲ್ಲಿ ಬಹಳ ಓಡುತ್ತದೆ. ನೇಮಕಾತಿಗೆ ಬಳಸಬೇಡಿ ಎಂದು ಅದರ ಪ್ರಕಾಶಕರೇ ಹೇಳುತ್ತಾರೆ. ಯಾರಾದರೂ ಬಳಸಲು ಹೇಳಿದರೆ ಈ ಸಂಗತಿ ನೆನಪಿರಲಿ.

ಸಂಶೋಧನಾ ಸಹಾಯಕ. ವಿಶ್ವವಿದ್ಯಾಲಯ, ಆಸ್ಪತ್ರೆ, ಸಾರ್ವಜನಿಕ ಆರೋಗ್ಯ ಯೋಜನೆಗಳಲ್ಲಿ ಸಿಗುವ, ಹೆಚ್ಚಾಗಿ ಯೋಜನೆಯ ಅವಧಿಗಷ್ಟೇ ಸೀಮಿತವಾದ ಕೆಲಸ. ಸಂಬಳ ಕಡಿಮೆ, ಕಲಿಕೆ ಹೆಚ್ಚು. ಮುಂದೆ ಪಿಎಚ್‌ಡಿ ಅಥವಾ ಕ್ಲಿನಿಕಲ್ ತರಬೇತಿಗೆ ಹೋಗುವವರಿಗೆ ಇದರಷ್ಟು ಒಳ್ಳೆಯ ಮೊದಲ ಮೆಟ್ಟಿಲು ಬೇರೆ ಕಾಣದು. ಶಿಫಾರಸು ಪತ್ರ ಬರೆಯುವವರು ನಿಮ್ಮ ಕೆಲಸವನ್ನು ಕಣ್ಣಾರೆ ನೋಡಿರುತ್ತಾರೆ.

ಮೇಲ್ವಿಚಾರಣೆಯಲ್ಲಿ ನಡೆಯುವ ಸಹಾಯಕ ಹುದ್ದೆಗಳು. ವ್ಯಸನಮುಕ್ತಿ ಕೇಂದ್ರ, ವಿಶೇಷ ಮಕ್ಕಳ ಶಾಲೆ, ಪುನರ್ವಸತಿ ಕೇಂದ್ರ, ಸಹಾಯವಾಣಿ. ಅಮೆರಿಕದಲ್ಲಿ ‘ರಿಜಿಸ್ಟರ್ಡ್ ಬಿಹೇವಿಯರ್ ಟೆಕ್ನಿಶಿಯನ್’, ಅಂದರೆ ವರ್ತನಾ ಚಿಕಿತ್ಸೆಯ ಸಹಾಯಕ, ಆಗಲು 40 ಗಂಟೆಯ ತರಬೇತಿ, ಕೌಶಲ ಪರಿಶೀಲನೆ ಮತ್ತು ಒಂದು ಪರೀಕ್ಷೆ ಸಾಕು, ಆದರೆ ಸ್ವತಂತ್ರವಾಗಿ ಚಿಕಿತ್ಸೆ ರೂಪಿಸುವಂತಿಲ್ಲ. ಇಂಗ್ಲೆಂಡಿನಲ್ಲಿ 2008ರಲ್ಲಿ ಶುರುವಾದ ಸಾರ್ವಜನಿಕ ಮಾತಿನ ಚಿಕಿತ್ಸಾ ಯೋಜನೆ ಹಗುರ ಆತಂಕ, ಖಿನ್ನತೆಗೆ ನೆರವಾಗುವ ‘ವೆಲ್‌ಬೀಯಿಂಗ್ ಪ್ರಾಕ್ಟಿಷನರ್’ ಎಂಬ ಹೊಸ ಹುದ್ದೆಯನ್ನೇ ತಂದಿತು. ಸೈಕಾಲಜಿ ಪದವೀಧರರು ಅದಕ್ಕೆ ಗುಂಪಾಗಿ ಅರ್ಜಿ ಹಾಕುತ್ತಾರೆ.

ಮಾರುಕಟ್ಟೆ ಸಂಶೋಧನೆ, ದತ್ತಾಂಶ ವಿಶ್ಲೇಷಣೆ, ತರಬೇತಿ ವಿನ್ಯಾಸ, ಬೋಧನೆ, ಸ್ವಯಂಸೇವಾ ಸಂಸ್ಥೆಗಳ ಕಾರ್ಯಕ್ರಮ ಮೌಲ್ಯಮಾಪನ ಇವೂ ಇವೆ. ಕ್ರೀಡಾ ಮನೋವಿಜ್ಞಾನ, ಫೊರೆನ್ಸಿಕ್ ಕ್ಷೇತ್ರಗಳ ಹೆಸರು ಕೇಳಲು ಚೆಂದ; ಹುದ್ದೆಗಳು ವಿರಳ, ಮೊದಲ ಪದವಿಯ ಮೇಲೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ. ಧಾರಾವಾಹಿ ನೋಡಿ ‘ಪ್ರೊಫೈಲರ್’ ಆಗುವ ಆಸೆ ಇದ್ದರೆ ಪೊಲೀಸ್ ನೇಮಕಾತಿಯ ಮೂಲಕ ಹೋಗುವುದು ಹೆಚ್ಚು ವಾಸ್ತವದ ದಾರಿ.

5. ಅಂಕಿಅಂಶಗಳ ಭಯವನ್ನು ಈಗಲೇ ಬಿಡಿಸಿಕೊಳ್ಳಿ

ಮೇಲಿನ ಎಲ್ಲ ಕೆಲಸಗಳಿಗೂ ಸಾಮಾನ್ಯವಾದ ಕೌಶಲ ಯಾವುದು ಎಂದರೆ ಇದು. ಸೈಕಾಲಜಿ ಪದವೀಧರರು ಇತರ ಕಲಾ ಪದವೀಧರರಿಗಿಂತ ಮುಂದಿರುವುದೂ ಇಲ್ಲೇ, ಅದನ್ನು ಸಿವಿಯಲ್ಲಿ ಮುಚ್ಚಿಡುವುದೂ ಅವರೇ.

ಅಂಕಿಅಂಶ ವಿಶ್ಲೇಷಿಸುವ ಎಸ್‌ಪಿಎಸ್‌ಎಸ್ ತಂತ್ರಾಂಶವನ್ನು ಕಾಲೇಜಿನಲ್ಲಿ ಕಲಿತಿರಬಹುದು. ಅದರ ಲೈಸೆನ್ಸ್ ದುಬಾರಿ. ಜಾಸ್ಪ್ ಮತ್ತು ಜಮೋವಿ ಉಚಿತ, ನೋಡಲೂ ಹಾಗೇ ಇವೆ. ಅಲ್ಲಿಂದ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ದಾಟಿ. ಎಲ್ಲವನ್ನೂ ಕಲಿಯಬೇಕಿಲ್ಲ: ಕಡತ ತೆರೆಯುವುದು, ಖಾಲಿ ಉತ್ತರಗಳನ್ನು ಗುರುತಿಸುವುದು, ಗುಂಪುಗಳ ಸರಾಸರಿ, ಒಂದು ಚಿತ್ರ, ಟಿ-ಟೆಸ್ಟ್, ರಿಗ್ರೆಶನ್. ದಿನಕ್ಕೆ ಒಂದು ಗಂಟೆ ಕೂತರೆ ಎರಡು ಮೂರು ತಿಂಗಳಲ್ಲಿ ಕೈಗೆ ಹತ್ತುತ್ತದೆ. ಎಕ್ಸೆಲ್‌ನಲ್ಲಿ ಪಿವಟ್ ಟೇಬಲ್ ಬರದಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಕಲಿಯಿರಿ, ಏಕೆಂದರೆ ಕಚೇರಿಯಲ್ಲಿ ಮೊದಲು ಕೇಳುವುದು ಅದನ್ನೇ.

ಮಾದರಿ ಗಾತ್ರದ ಪ್ರಶ್ನೆಗೆ ಉತ್ತರ ಗೊತ್ತಿರಲಿ. ಎರಡು ಗುಂಪುಗಳ ನಡುವೆ ಮಧ್ಯಮ ಗಾತ್ರದ ವ್ಯತ್ಯಾಸ, ಅಂದರೆ ಕೋಹೆನ್ ಡಿ 0.5 ಇದ್ದರೆ, ಅದನ್ನು ಶೇಕಡಾ 80ರ ಖಾತ್ರಿಯಲ್ಲಿ, 0.05ರ ಮಟ್ಟದಲ್ಲಿ ಹಿಡಿಯಲು ಪ್ರತಿ ಗುಂಪಿಗೆ 64 ಜನ ಬೇಕು. ಕಾಲೇಜಿನ ಪ್ರಾಜೆಕ್ಟುಗಳು ಗುಂಪಿಗೆ 30 ಜನರ ಮೇಲೆ ನಡೆಯುವುದೇ ಹೆಚ್ಚು. ನಿಮ್ಮದೂ ಹಾಗೇ ಆಗಿದ್ದರೆ ಸಂದರ್ಶನದಲ್ಲಿ ಮುಚ್ಚಿಡದೆ ‘ಗುಂಪು ಚಿಕ್ಕದಾಗಿತ್ತು, ಹಾಗಾಗಿ ವ್ಯತ್ಯಾಸ ಕಾಣಲಿಲ್ಲ ಎಂದಾಕ್ಷಣ ವ್ಯತ್ಯಾಸ ಇಲ್ಲ ಎಂದು ಹೇಳಲಾಗದು’ ಎನ್ನಿ. 2015ರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚಿನವು ಮಾತ್ರ ಮೊದಲಿನ ಫಲಿತಾಂಶ ಕೊಟ್ಟವು. ಈ ಸಂಗತಿ ತಿಳಿದು ಮಾತಾಡುವವರ ಮೇಲೆ ಸಂಶೋಧನಾ ತಂಡಗಳಿಗೆ ನಂಬಿಕೆ ಬರುತ್ತದೆ.

6. ಮೂರು ಕೆಲಸದ ಮಾದರಿಗಳನ್ನು ತಯಾರಿಸಿ

ಪರವಾನಗಿ ಬೇಡದ ಕಡೆ ಹೋಗುವವರಿಗೆ ಇದು ಕಡ್ಡಾಯ ಎಂದೇ ಹೇಳಬೇಕು. ಮೂರು ಸಾಕು, ಪ್ರತಿಯೊಂದೂ ನಾಲ್ಕು ಪುಟ ದಾಟದಿರಲಿ: ನಿಮ್ಮ ಪ್ರಾಜೆಕ್ಟನ್ನು ವಿಷಯ ಗೊತ್ತಿಲ್ಲದವರಿಗೂ ತಿಳಿಯುವಂತೆ ಮತ್ತೆ ಬರೆದದ್ದು ಒಂದು, ಎಲ್ಲರಿಗೂ ಲಭ್ಯವಿರುವ ದತ್ತಾಂಶದ ಮೇಲೆ ಮಾಡಿದ ವಿಶ್ಲೇಷಣೆ ಒಂದು, ಗುರಿಯಿಟ್ಟ ಹುದ್ದೆಗೆ ನೇರ ಸಂಬಂಧಿಸಿದ್ದು ಒಂದು. ಉದಾಹರಣೆಗೆ ಐದು ಜನರಿಗೆ ಒಂದು ಆಪ್ ಕೊಟ್ಟು, ಅದೇ ಮೂರು ಕೆಲಸ ಮಾಡಲು ಹೇಳಿ, ಎಲ್ಲಿ ನಿಂತರು ಎಂದು ಬರೆದ ವರದಿ. ಪ್ರತಿ ಮಾದರಿಯ ಮೊದಲ ಐದು ಸಾಲಿನಲ್ಲೇ ಏನು ಕಂಡಿತು, ಏನು ಮಾಡಬೇಕು ಎಂಬುದು ಬಂದುಬಿಡಲಿ. ಕಾಲೇಜು ವರದಿಯಂತೆ ಪೀಠಿಕೆ, ಪೂರ್ವ ಅಧ್ಯಯನ ಎಂದು ಶುರು ಮಾಡಿದರೆ ಯಾರೂ ಮೂರನೇ ಪುಟ ತಲುಪುವುದಿಲ್ಲ.

ಇಂಟರ್ನ್‌ಶಿಪ್‌ನಲ್ಲಿ ನೋಡಿದ ರೋಗಿಗಳ ಪ್ರಕರಣವನ್ನು ಮಾದರಿಯಾಗಿ ಹಾಕಲೇಬೇಡಿ. ಹೆಸರು ಬದಲಿಸಿದರೂ ವಯಸ್ಸು, ಉದ್ಯೋಗ, ಕುಟುಂಬದ ವಿವರ ಸೇರಿದರೆ ಗುರುತು ಸಿಕ್ಕಿಬಿಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಗುಟ್ಟು ಕಾಯುವುದು ಈ ಅಭ್ಯರ್ಥಿಗೆ ತಿಳಿದಿಲ್ಲ ಎಂದು ಓದುವವರು ತೀರ್ಮಾನಿಸುತ್ತಾರೆ.

7. ಸಿವಿಯ ಭಾಷೆ ಬದಲಿಸಿ

‘ಪ್ರಾಯೋಗಿಕ ಮನೋವಿಜ್ಞಾನ, ಸಾಮಾಜಿಕ ಮನೋವಿಜ್ಞಾನ, ಅಸಹಜ ಮನೋವಿಜ್ಞಾನ ಓದಿದ್ದೇನೆ’ ಎಂಬ ಪಟ್ಟಿಯಿಂದ ಉದ್ಯೋಗದಾತರಿಗೆ ಏನೂ ತಿಳಿಯುವುದಿಲ್ಲ. ‘ಜನರೊಂದಿಗೆ ಬೆರೆಯುವ ಗುಣ’ ಎನ್ನುವುದಂತೂ ಎಲ್ಲರ ಸಿವಿಯಲ್ಲೂ ಇದೆ. ಅದರ ಬದಲು ಹೀಗೆ ಬರೆಯಿರಿ: ‘ನಿದ್ದೆ ಮತ್ತು ಗಮನದ ಸಂಬಂಧದ ಬಗ್ಗೆ 80 ವಿದ್ಯಾರ್ಥಿಗಳ ಸಮೀಕ್ಷೆ: ಪ್ರಶ್ನಾವಳಿ ರೂಪಿಸಿ, ಒಪ್ಪಿಗೆ ಪತ್ರ ಪಡೆದು, ಅಪೂರ್ಣ ಉತ್ತರಗಳನ್ನು ಬೇರ್ಪಡಿಸಿ, ಜಾಸ್ಪ್‌ನಲ್ಲಿ ವಿಶ್ಲೇಷಿಸಿ ವರದಿ ಬರೆದೆ.’ ಒಂದೇ ಸಾಲಿನಲ್ಲಿ ಐದು ಕೌಶಲ ಕಾಣುತ್ತವೆ, ಎಲ್ಲವೂ ಪರೀಕ್ಷಿಸಿ ನೋಡಬಹುದಾದವು.

ಹೆಸರಿನ ಕೆಳಗೆ ‘ಸೈಕಾಲಜಿಸ್ಟ್’ ಎಂದು ಹಾಕಬೇಡಿ. ಲಿಂಕ್ಡ್‌ಇನ್‌ನಲ್ಲೂ ಬೇಡ. ‘ಮನೋವಿಜ್ಞಾನ ಪದವೀಧರ’ ಸರಿಯಾದ ಮಾತು. ಹೆಸರಿಗೆ ಕಾವಲಿರುವ ದೇಶದಲ್ಲಿ ಇದು ಕಾನೂನಿನ ತೊಂದರೆ. ಕಾವಲಿಲ್ಲದ ಕಡೆಯೂ ಮುಂದೆ ಕ್ಲಿನಿಕಲ್ ತರಬೇತಿಯ ಆಯ್ಕೆ ಸಮಿತಿ ನೋಡಿದರೆ ಮುಜುಗರ.

8. ಸಂದರ್ಶನ

‘ಹಾಗಾದರೆ ನಾನೀಗ ಏನು ಯೋಚಿಸುತ್ತಿದ್ದೇನೆ ಹೇಳಿ ನೋಡೋಣ’ ಎಂದು ಯಾರಾದರೂ ನಗುತ್ತ ಕೇಳಿಯೇ ಕೇಳುತ್ತಾರೆ. ಸಿಡುಕಬೇಡಿ, ಪಾಠವನ್ನೂ ಮಾಡಬೇಡಿ. ‘ಊಹಿಸಲಾರೆ, ಆದರೆ ನಿಮ್ಮ ಗ್ರಾಹಕರು ಏನು ಯೋಚಿಸುತ್ತಾರೆ ಎಂದು ತಿಳಿಯುವ ಪ್ರಶ್ನಾವಳಿ ಮಾಡಬಲ್ಲೆ’ ಎಂದು ನಿಮ್ಮ ಮಾದರಿಯ ಕಡೆ ಮಾತು ತಿರುಗಿಸಿ. ‘ಕ್ಲಿನಿಕಲ್ ಕಡೆ ಸೀಟು ಸಿಕ್ಕರೆ ಬಿಟ್ಟು ಹೋಗುತ್ತೀರಾ’ ಎಂಬುದು ಎರಡನೇ ಖಾಯಂ ಪ್ರಶ್ನೆ. ಸುಳ್ಳು ಹೇಳಬೇಕಿಲ್ಲ. ಎಷ್ಟು ಕಾಲ ಖಂಡಿತ ಇರುತ್ತೀರಿ ಎಂದು ಸ್ಪಷ್ಟವಾಗಿ ಹೇಳಿದರೆ ಅನೇಕರು ಒಪ್ಪುತ್ತಾರೆ.

ನೀವೂ ಕೇಳಬೇಕು, ಅದರಲ್ಲೂ ನೊಂದವರ ಜತೆ ಕೆಲಸ ಇದ್ದರೆ. ನನ್ನ ಮೇಲ್ವಿಚಾರಕರು ಯಾರು, ಅವರ ಅರ್ಹತೆ ಏನು? ವಾರಕ್ಕೆ ಎಷ್ಟು ಹೊತ್ತು ಸಿಗುತ್ತಾರೆ? ಆತ್ಮಹತ್ಯೆಯ ಅಪಾಯ ಕಂಡಾಗ ರಾತ್ರಿ ಹೊತ್ತಲ್ಲಿ ಯಾರಿಗೆ ತಿಳಿಸಬೇಕು? ದಿನಕ್ಕೆ ಗರಿಷ್ಠ ಎಷ್ಟು ಜನರನ್ನು ನೋಡಬೇಕು? ‘ಅದೆಲ್ಲ ಬಂದ ಮೇಲೆ ನೋಡಿಕೊಳ್ಳೋಣ’ ಎಂಬ ಉತ್ತರ ಬಂದರೆ, ಮೊದಲ ಪದವಿಯವರನ್ನು ಕಡಿಮೆ ಸಂಬಳಕ್ಕೆ ತೆಗೆದುಕೊಂಡು ತಜ್ಞರ ಕೆಲಸ ಮಾಡಿಸುವ ಜಾಗ ಅದು. ಏನಾದರೂ ಅನಾಹುತವಾದರೆ ಹೆಸರು ನಿಮ್ಮದು. ಬೇಡ ಎನ್ನಿ.

9. ಸ್ನಾತಕೋತ್ತರ ಪದವಿ ಈಗಲೋ, ಆಮೇಲೋ

ಪರವಾನಗಿಯ ದಾರಿ ಖಚಿತವಾಗಿದ್ದರೆ ಈಗಲೇ. ಖಚಿತವಿಲ್ಲದಿದ್ದರೆ ಒಂದೆರಡು ವರ್ಷ ಕೆಲಸ ಮಾಡಿ. ಏನನ್ನು ಆರಿಸಿಕೊಳ್ಳಬೇಕು ಎಂಬುದು ಆಗ ಹೆಚ್ಚು ಸರಿಯಾಗಿ ತಿಳಿಯುತ್ತದೆ. ಕೆಲಸ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ‘ಜನರಲ್ ಸೈಕಾಲಜಿ’ಯಲ್ಲಿ ಎಂಎ ಸೇರುವುದು ದುಬಾರಿ ಮುಂದೂಡಿಕೆ. ಎರಡು ವರ್ಷದ ನಂತರ ಅದೇ ಪ್ರಶ್ನೆ ಎದುರಿಗಿರುತ್ತದೆ. ಸೇರುವುದೇ ಆದರೆ ಹೆಸರಿನಲ್ಲೇ ಕೆಲಸ ಕಾಣುವ ವಿಭಾಗ ಆರಿಸಿ: ಕ್ಲಿನಿಕಲ್, ಕೌನ್ಸೆಲಿಂಗ್, ಕೈಗಾರಿಕಾ ಮತ್ತು ಸಂಘಟನಾ ಮನೋವಿಜ್ಞಾನ, ಸಂಶೋಧನಾ ವಿಧಾನ.

ಆದರೆ ಹೆಸರಿಗೂ ಮರುಳಾಗಬೇಡಿ. ‘ಎಂಎಸ್ಸಿ ಕ್ಲಿನಿಕಲ್ ಸೈಕಾಲಜಿ’ ಎಂದು ಪದವಿಪತ್ರದಲ್ಲಿ ಇದ್ದಮಾತ್ರಕ್ಕೆ ಭಾರತದಲ್ಲಾಗಲಿ ಬ್ರಿಟನ್ನಿನಲ್ಲಾಗಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂಬ ನೋಂದಣಿ ತಾನಾಗಿ ಸಿಗುವುದಿಲ್ಲ. ಶುಲ್ಕ ಕಟ್ಟುವ ಮೊದಲು ಮೂರನ್ನು ಲಿಖಿತವಾಗಿ, ಇಮೇಲ್‌ನಲ್ಲಿ ಕೇಳಿ ಪಡೆಯಿರಿ: ಈ ಕೋರ್ಸಿಗೆ ನಿಯಂತ್ರಣ ಸಂಸ್ಥೆಯ ಮಾನ್ಯತೆ ಇದೆಯೇ, ನೀವು ಸೇರುವ ವರ್ಷದ ತಂಡಕ್ಕೂ ಅದು ಅನ್ವಯಿಸುತ್ತದೆಯೇ, ಮತ್ತು ಎಷ್ಟು ಗಂಟೆಯ ಮೇಲ್ವಿಚಾರಣೆಯ ತರಬೇತಿ ಒಳಗೊಂಡಿದೆ. ಬಂದ ಉತ್ತರವನ್ನು ನಿಯಂತ್ರಣ ಸಂಸ್ಥೆಯ ವೆಬ್‌ಸೈಟಿನ ಪಟ್ಟಿಯ ಜತೆ ತಾಳೆ ನೋಡಿ. ಕಾಲೇಜಿನ ಹೆಸರು ಪಟ್ಟಿಯಲ್ಲಿದ್ದರೆ ಸಾಲದು, ಕೋರ್ಸಿನ ಹೆಸರೂ ಮಾನ್ಯತೆಯ ಕೊನೆಯ ವರ್ಷವೂ ಹೊಂದಬೇಕು.